ತಮ್ಮನ ನೆಪದಲ್ಲಿ

ಶರ್ಟಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಾಲರ್ ಅಕ್ಕ ಎಂದು. ಹತ್ತೊಂಬತ್ತು ವರ್ಷದಿಂದ ಕಾಲರ್ ಬಿಟ್ಟು ಬೇರೇನನ್ನೂ ಹೊಲಿದವಳಲ್ಲ. ಎರಡು ತುದಿಗಳೂ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಕೂರಬೇಕು. ಅವಳಿಗೆ ಅದು ನೀರು ಕುಡಿದಷ್ಟು ಸಲೀಸು. ಅವಳು ಕುಡಿಯುತ್ತಿದ್ದದ್ದು ನೀರೊಂದೇ ಆಗಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ.

ಗಂಡ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಮೊದಮೊದಲು ನಿದ್ದೆಗೆಂದು ಕುಡಿದಳು, ಆಮೇಲೆ ಅಡುಗೆಗೆ ಮುಂಚೆ, ಆಮೇಲೆ ಅಡುಗೆಯ ಬದಲು. ಬಾಟಲಿಗೆಂದು ಎರಡು ಬಸ್ ನಿಲ್ದಾಣ ದಾಟಿ, ಗುರುತಿಲ್ಲದ ಅಂಗಡಿಗೆ ಹೋಗುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಗೊತ್ತಾದದ್ದು ಇದ್ದೊಬ್ಬ ತಮ್ಮನಿಗೆ ಮಾತ್ರ. ಮನೆಗೆ ಬಂದವನು ಹಿಟ್ಟಿನ ಡಬ್ಬಿಯಲ್ಲಿ ಬಾಟಲಿ ಕಂಡು, ಮಾತಿಲ್ಲದೆ ಮುಚ್ಚಳ ಹಾಕಿ ಎದ್ದು ಹೋಗಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅವನ ಫೋನು ಬರಲಿಲ್ಲ.

ಒಂದು ಬೆಳಿಗ್ಗೆ ಮಿಷಿನಿನ ಸೂಜಿ ಅವಳ ತೋರುಬೆರಳಿನ ಉಗುರನ್ನೇ ತೂರಿಕೊಂಡು ಹೋಯಿತು. ಕಾರ್ಖಾನೆಯ ನರ್ಸು ಪಟ್ಟಿ ಕಟ್ಟಲು ಬಗ್ಗಿದವಳು ಅವಳ ಬಾಯಿಯ ವಾಸನೆಗೆ ತಲೆಯೆತ್ತಿ ಗಡಿಯಾರ ನೋಡಿದಳು. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ. ಮಾತ್ರೆಯ ಕವರಿನ ಹಿಂದೆ ಒಂದು ವಿಳಾಸ ಬರೆದುಕೊಟ್ಟಳು.

“ಭಾನುವಾರ ನಾಲ್ಕಕ್ಕೆ ಸೇರ್ತಾರೆ, ಕುಡಿತ ಬಿಡಬೇಕು ಅನ್ನೋರು. ಮನೇಲಿ ಯಾರಿಗಾದ್ರೂ ಬೇಕಾಗಬಹುದು, ಇಟ್ಕೊಳ್ಳಿ.”

ಮೂರು ಭಾನುವಾರ ಆ ಬೀದಿಯ ತುದಿಯವರೆಗೆ ಹೋಗಿ ಹಿಂದಿರುಗಿದಳು. ನಾಲ್ಕನೆಯ ಸಲ ಮೆಟ್ಟಿಲು ಹತ್ತಿದಳು. ಅದೊಂದು ಡ್ರೈವಿಂಗ್ ಶಾಲೆಯ ಮಹಡಿ. ಗೋಡೆಯ ತುಂಬ ರಸ್ತೆ ಚಿಹ್ನೆಗಳು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹನ್ನೊಂದು ಗಂಡಸರು. ಹೆಂಗಸೆಂದರೆ ಅವಳೊಬ್ಬಳೇ. ಅವರಲ್ಲಿ ಹಿರಿಯ, ನಿವೃತ್ತ ಬಸ್ ಡ್ರೈವರ್, ತಾನೇ ಎದ್ದು ಕುರ್ಚಿ ಎಳೆದು ಕೊಟ್ಟ.

“ಬನ್ನಿ ತಂಗಿ. ಯಾರಿಗೋಸ್ಕರ ಬಂದ್ರಿ?”

ಪ್ರಶ್ನೆಯೇ ದಾರಿ ತೋರಿಸಿತು. “ತಮ್ಮನಿಗೆ,” ಅಂದುಬಿಟ್ಟಳು.

ಆಮೇಲೆ ಬಾಯಿಗೆ ತಡೆಯೇ ಇರಲಿಲ್ಲ. ತಮ್ಮ ಹಿಟ್ಟಿನ ಡಬ್ಬಿಯಲ್ಲಿ ಬಾಟಲಿ ಇಟ್ಟ, ತಮ್ಮನ ಕೈ ನಡುಗುತ್ತದೆ, ತಮ್ಮ ಬೆಳಿಗ್ಗೆ ಎದ್ದು ತನ್ನ ಮುಖವನ್ನೇ ನೋಡಿಕೊಳ್ಳುವುದಿಲ್ಲ. ಬಣ್ಣ ಬಳಿಯುವ ಕೆಲಸದವನೊಬ್ಬ ನಕ್ಕ. “ಹಿಟ್ಟಿನ ಡಬ್ಬಿ ವಾಸಿ ಅಕ್ಕ. ನಾನು ನೀರಿನ ಟ್ಯಾಂಕಲ್ಲಿ ತೇಲಿಬಿಡ್ತಿದ್ದೆ.” ಡ್ರೈವರ್ ಹೇಳಿದ, “ಮೂವತ್ತು ವರ್ಷ ಬಸ್ಸನ್ನ ನೆಟ್ಟಗೆ ಓಡಿಸ್ದೆ. ಇಳಿದ್ಮೇಲೆ ಒಂದು ದಿನಾನೂ ನೆಟ್ಟಗೆ ನಡೀಲಿಲ್ಲ.” ಎಷ್ಟೋ ತಿಂಗಳ ಮೇಲೆ ಅವಳೂ ನಕ್ಕಳು.

ಪ್ರತಿ ವಾರವೂ ಹೋದಳು. ಬಾಗಿಲಲ್ಲೇ ಕೇಳುತ್ತಿದ್ದರು, “ತಮ್ಮ ಹೇಗಿದಾನೆ?” ತನ್ನ ಮನೆಯವರು ಹೇಗಿದ್ದಾರೆ ಎಂದು ಕೇಳುವವರೂ ಇದ್ದಾರೆ ಎಂಬುದೇ ಅವಳಿಗೆ ಸಾಕಾಗಿತ್ತು. ಒಂದು ಸುಳ್ಳಿಗೆ ಹತ್ತು ಸುಳ್ಳು ಸೇರಿದವು. ತಮ್ಮ ಕಡಿಮೆ ಮಾಡಿದ, ತಮ್ಮ ಬಿಟ್ಟೇಬಿಟ್ಟ. ಆ ತಮ್ಮನಿಗೆ ಎಲ್ಲರೂ ಚಪ್ಪಾಳೆ ತಟ್ಟಿದ ಭಾನುವಾರ ಅವಳು ಮನೆಗೆ ಹೋಗಿ ಎಂದಿಗಿಂತ ಹೆಚ್ಚು ಕುಡಿದಳು. ಮುಂದಿನ ವಾರ ತಲೆ ತಗ್ಗಿಸಿ, “ಮತ್ತೆ ಶುರು ಮಾಡಿದ,” ಅಂದಳು.

ಡ್ರೈವರ್ ಬಣ್ಣದವನ ಮುಖ ನೋಡಿದ. “ನಾವಿಬ್ರು ನಾಳೆ ನಿಮ್ಮನೆಗೆ ಬರ್ತೀವಿ ತಂಗಿ. ಅವನ ಪಕ್ಕ ಕೂತು ಮಾತಾಡಿಸ್ತೀವಿ. ಕೈ ಹಿಡ್ಕೊಂಡು ಇಲ್ಲಿಗೆ ಕರ್ಕೊಂಡು ಬರ್ತೀವಿ.”

“ಬರಬೇಡಿ.”

“ನಮಗೇನೂ ತೊಂದರೆ ಇಲ್ಲ.”

“ಮನೇಲಿ ತಮ್ಮ ಇಲ್ಲ ಅಣ್ಣ. ಅವನು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಕುಡಿಯೋದು ನಾನು. ಇವತ್ತೂ ಕುಡಿದೇ ಬಂದಿದೀನಿ.”

ಬಣ್ಣದವನು ನೆಲ ನೋಡಿದ. ಪಕ್ಕದವನ ಕುರ್ಚಿ ಒಂದು ಗೇಣು ಆಚೆ ಸರಿಯಿತು. ಅವರಿಗೆ ಗೊತ್ತಿದ್ದ ಹೆಂಗಸರೆಲ್ಲ ಬಾಗಿಲು ಕಾಯುತ್ತ ಅತ್ತವರು. ಇವಳನ್ನು ಎಲ್ಲಿ ಕೂರಿಸಬೇಕೆಂದು ಅವರಿಗೆ ತೋಚಲಿಲ್ಲ.

“ಸರಿ. ಹಾಗಾದ್ರೆ ನಿಮ್ಮದು ಹೇಳಿ,” ಅಂದ ಡ್ರೈವರ್ ಕೊನೆಗೆ.

“ಎಲ್ಲಾ ಹೇಳಾಗಿದೆಯಲ್ಲ.”

“ಅವನದು ಹೇಳಿದ್ರಿ. ನಾನು ಅಂತ ಹೇಳಿ.”

ಅವಳು ಮೊದಲಿನಿಂದ ಶುರುಮಾಡಿದಳು. ಇಟ್ಟ ಎಂದಿದ್ದ ಕಡೆ ಇಟ್ಟೆ, ಕುಡಿದ ಎಂದಿದ್ದ ಕಡೆ ಕುಡಿದೆ. ಬದಲಾಗಬೇಕಾದದ್ದು ಮಾತಿನ ತುದಿ ಮಾತ್ರ. ಅಷ್ಟು ಕಷ್ಟದ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರತಿ ವಾರ ಬಸ್ ನಿಲ್ದಾಣದವರೆಗೆ ಜೊತೆಗೆ ಬರುತ್ತಿದ್ದವರು ಅಂದು ಏನೋ ಕೆಲಸವಿದೆ ಎಂದು ಹಿಂದೆ ಉಳಿದರು.

ಮುಂದಿನ ಭಾನುವಾರವೂ ಅವಳು ಹೋದಳು. ಇಬ್ಬರು ಬಂದಿರಲಿಲ್ಲ. ಡ್ರೈವರ್ ಬಾಗಿಲಲ್ಲಿದ್ದ. “ನೀವು ಹೇಗಿದೀರಿ?” ಎಂದು ಕೇಳಿದ.

ಕುಡಿತ ಬಿಟ್ಟು ಈಗ ಐದು ತಿಂಗಳು. ನಡುವೆ ಎರಡು ಸಲ ಎಡವಿದಳು, ಎರಡನ್ನೂ ತನ್ನದೆಂದೇ ಹೇಳಿದಳು. ಮೊನ್ನೆ ಸಂಜೆ ಧೈರ್ಯ ಮಾಡಿ ತಮ್ಮನಿಗೆ ಫೋನು ಮಾಡಿ ತಿಳಿಸಿದಳು. “ಹೂಂ, ಒಳ್ಳೇದಾಯ್ತು ಅಕ್ಕ,” ಅಂದ ಅವನು. ಅವನ ಮನೆಯಲ್ಲಿ ಯಾರೋ ಪಾತ್ರೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅದು ಕೇಳುವಷ್ಟು ಹೊತ್ತು ಅವನು ಫೋನು ಇಡಲಿಲ್ಲ, ಅವಳೂ ಇಡಲಿಲ್ಲ. ಆಮೇಲೆ ಅವನು, “ಇಡ್ಲಾ?” ಅಂದ.

ಅವಳು ಒಬ್ಬಳಿಗಾಗುವಷ್ಟು ಅಡುಗೆ ಮಾಡಿ, ಒಲೆಯ ಪಕ್ಕ ನಿಂತೇ ಉಂಡಳು.