ಬಟ್ಟೆಯ ಬೆನ್ನು

ಬಣ್ಣದ ತೊಟ್ಟಿಯಿಂದ ಎತ್ತಿದ ಬಟ್ಟೆಯನ್ನು ಹಗ್ಗದ ಮೇಲೆ ಹರವಿದ್ದೇ ತಡ, ಅತ್ತೆ ಹಾರ್ತಿನಿಯ ಬಾಯಿ ಕಟ್ಟಿಹೋಯಿತು. ಅವರು ಬಾಯಿ ಮುಚ್ಚಿದರೆಂದರೆ ಬೈಗುಳಕ್ಕಿಂತ ಕೆಟ್ಟದ್ದೇನೋ ಕಾದಿದೆ ಎಂದೇ ಲೆಕ್ಕ. ವಿನಾರ್ಸಿ ಒದ್ದೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಓಡಿ ಬಂದಳು. ಎರಡೂವರೆ ಮೀಟರ್ ಬಟ್ಟೆ, ಮೂರು ತಿಂಗಳ ಕೆಲಸ. ಬಿಳಿಯಾಗಿಯೇ ಉಳಿಯಬೇಕಿದ್ದ ಎಲೆ, ಬಳ್ಳಿ, ಚುಕ್ಕಿಗಳೆಲ್ಲ ಒಂದು ಮೂಲೆಯಲ್ಲಿ ಕಂದು ಬಣ್ಣ ಕುಡಿದು ಕಲಸಿಹೋಗಿದ್ದವು.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂಬದಿಗೆ ಬಿಸಿ ಮೇಣದಲ್ಲಿ ಚಿತ್ರ ಬರೆದಾದ ಮೇಲೆ ಬಟ್ಟೆ ತಿರುವಿ, ಅದೇ ಗೆರೆ ಅದೇ ಚುಕ್ಕಿಗಳ ಮೇಲೆ ಹಿಂಬದಿಯಿಂದಲೂ ಮೇಣ ಎಳೆಯಬೇಕು. ಇಲ್ಲದಿದ್ದರೆ ಬಣ್ಣ ಬೆನ್ನಿನಿಂದ ನುಗ್ಗುತ್ತದೆ. ಬಾಂತುಲ್ ಊರಿನ ಈ ಬೀದಿಯಲ್ಲಿ ಶಾಲೆಗೆ ಹೋಗುವ ಹುಡುಗಿಯರಿಗೂ ಗೊತ್ತಿರುವ ಸಂಗತಿ. ವಿನಾರ್ಸಿ ಹಿಂಬದಿಯಲ್ಲಿ ಮೇಣ ಎಳೆಯುತ್ತ ಆ ಮೂಲೆಗೆ ಬರುವ ಹೊತ್ತಿಗೆ ಯಾವುದೋ ಹೊಸ ಹೂವಿನ ಯೋಚನೆ ಬಂದು ಎದ್ದು ಹೋಗಿದ್ದಳು. ಆಮೇಲೆ ಮರೆತಳು.

"ಹಿಂಬದಿ ಮುಗೀತೇನೇ ಅಂತ ಕೇಳಿದ್ನಲ್ಲ ನಾನು?" ಅತ್ತೆಯ ಬಾಯಿ ಕೊನೆಗೂ ತೆರೆಯಿತು. "ಇಂಗ್ಗೇ ಅಂದ್ಯಲ್ಲ!"

ಅಂದದ್ದು ನಿಜ. ಇಂಗ್ಗೇ ಎಂದರೆ ಹೌದು. ಆದರೆ ಹಿರಿಯರು ಏನೇ ಕೇಳಲಿ, ಇಲ್ಲಿನ ಸೊಸೆಯರ ಬಾಯಲ್ಲಿ ಬರುವುದು ಅದೊಂದೇ ಮಾತು. ಕೇಳಿಸಿತು ಎಂಬುದಕ್ಕೂ ಇಂಗ್ಗೇ, ಆಗುವುದಿಲ್ಲ ಎಂಬುದಕ್ಕೂ ಇಂಗ್ಗೇ, ದಯವಿಟ್ಟು ನನ್ನ ಪಾಡಿಗೆ ನನ್ನನ್ನು ಬಿಡಿ ಎಂಬುದಕ್ಕೂ ಇಂಗ್ಗೇ.

"ಮದುವೆಗೆ ಅಂತ ಈ ಬಟ್ಟೆ ಹೇಳಿದ್ದ ಮದುಮಗಳ ತಾಯಿಗೆ ನಾನೇನು ಮುಖ ತೋರಿಸ್ಲಿ? ಮನಸ್ಸಿಟ್ಟು ಮಾಡು, ಮನಸ್ಸಿಟ್ಟು ಮಾಡು ಅಂತ ಹನ್ನೆರಡು ವರ್ಷದಿಂದ ಬಡ್ಕೊಂಡೆ!"

"ಇಂಗ್ಗೇ, ಬು," ಎಂದುಬಿಟ್ಟಳು ವಿನಾರ್ಸಿ, ಅಭ್ಯಾಸಬಲದಿಂದ; ಬು ಎಂದರೆ ಅಮ್ಮ. ಅತ್ತೆ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಗಂಡ ತ್ರಿಯೊನೊ ಬೈಕಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಇವತ್ತು ಗುರುವಾರ. ಹತ್ತು ಗಂಟೆಗೆ ಡಾಕ್ಟ್ರ ಹತ್ರ ಹೋಗ್ಬೇಕು. ಅಲಾರಂ ಇಟ್ಕೊಂಡಿರಲಿಲ್ವಾ?"

"ಇಟ್ಕೊಂಡಿದ್ದೆ ರೀ. ಹನ್ನೊಂದು ಅಲಾರಂ ಇವೆ ಫೋನಲ್ಲಿ. ಎಲ್ಲವನ್ನೂ ನಿಲ್ಲಿಸ್ತೀನಿ. ಒಂದೂ ತಲೆಗೆ ಹೋಗಲ್ಲ. ಇನ್ನೊಂದು ಸಲ ಅಲಾರಂ ಅಂದ್ರೆ ಆ ಫೋನನ್ನೇ ಮೇಣದ ಬಾಣಲೆಗೆ ಹಾಕ್ತೀನಿ."

ಅವಳ ಈ ಮರೆವಿಗೆ ಊರಲ್ಲಿ ಒಬ್ಬೊಬ್ಬರದೂ ಒಂದೊಂದು ವೈದ್ಯ. ಅತ್ತೆಯದು ಅರಿಶಿನ, ಹುಣಸೆಯ ಕಷಾಯ. ಎದುರುಮನೆಯವಳದು ಸೋಮವಾರ, ಗುರುವಾರದ ಉಪವಾಸ. ನಾದಿನಿಯದು, ಕೈತುಂಬ ಕೆಲಸವಿದ್ದರೆ ಇವೆಲ್ಲ ಇರುವುದಿಲ್ಲ ಎಂಬ ಮಾತು. ಕೈತುಂಬ ಕೆಲಸವಿದ್ದವಳಿಗೇ ಇದನ್ನು ಹೇಳುತ್ತಾರಲ್ಲ, ಎಂಥ ಜನ! ವಿನಾರ್ಸಿಯ ತಲೆ ಚಿಟ್ಟು ಹಿಡಿದುಹೋಗಿತ್ತು. ಆದರೆ ಅವಳ ನಿದ್ದೆ ಕೆಡಿಸಿದ್ದು ಅತ್ತೆ ಮೊನ್ನೆ ಊಟದ ಹೊತ್ತಿನಲ್ಲಿ ಅಂದ ಒಂದೇ ಮಾತು: "ಆ ಡಾಕ್ಟ್ರ ಮಾತ್ರೆ ನುಂಗು, ನಿನ್ನ ಕೈ ಸತ್ತುಹೋಗುತ್ತೆ ನೋಡು. ಬಾಯಿಬಿಟ್ಟು ಹೇಳ್ಬಾರ್ದು, ಮುಂಬದಿ ಬರೆಯೋದ್ರಲ್ಲಿ ನಿನ್ನಂಥ ಕೈ ಈ ಬೀದೀಲಿಲ್ಲ."

ಹನ್ನೆರಡು ವರ್ಷದಲ್ಲಿ ಅತ್ತೆ ಹೊಗಳಿದ್ದು ಅದೊಂದು ಸಲ. ಅದೂ ಹೀಗೆ ಹೆದರಿಸುವುದಕ್ಕೆ.

ಇದು ಡಾಕ್ಟರ್ ಅನಿಂದ್ಯಾ ಅವರೊಂದಿಗೆ ನಾಲ್ಕನೆಯ ಭೇಟಿ. ಹಿಂದಿನ ಮೂರರಲ್ಲಿ ಬಾಲ್ಯದಿಂದ ಶುರುಮಾಡಿ ಎಲ್ಲ ಕೇಳಿದ್ದರು. ಗಂಡನನ್ನೂ ಕೂರಿಸಿಕೊಂಡು ಕೇಳಿದ್ದರು. ರಕ್ತದೊತ್ತಡ ನೋಡಿ, ಇಸಿಜಿ ಮಾಡಿಸಿ, ಗಮನ ನಿಲ್ಲದಿರುವುದು ಸೋಮಾರಿತನವಲ್ಲ, ಎಡಿಎಚ್‌ಡಿ ಎಂದು ಅದರ ಹೆಸರು ಹೇಳಿದ್ದರು. ಮಾತ್ರೆ ಬೇಕೋ ಬೇಡವೋ ಯೋಚಿಸಿ ಬನ್ನಿ ಎಂದು ಕಳಿಸಿದ್ದರು.

"ಹಾಗಾದ್ರೆ ಶುರು ಮಾಡೋಣ್ವಾ?" ಎಂದರು ಈಗ.

"ಇಂಗ್ಗೇ, ಡಾಕ್ಟ್ರೇ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಇದು ಯಾವ ಇಂಗ್ಗೇ? ನಮ್ಮತ್ತೆಗೆ ನಾನೂ ದಿನಾ ಇಂಗ್ಗೇ ಅಂತೀನಿ ಕಣ್ರೀ. ಅದನ್ನ ನಂಬ್ಕೊಂಡು ನಾನು ಚೀಟಿ ಬರೆಯಲ್ಲ. ನಿಮಗೆ ಬೇಕಾ, ಬೇಡವಾ?"

ವಿನಾರ್ಸಿ ಗಂಡನ ಮುಖ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಸಾಕಾಗಿಹೋಗಿದೆ ನನಗೆ! ಮನಸ್ಸಿಟ್ಟು ಮಾಡು ಅಂತಾರೆ ಎಲ್ರೂ. ಮನಸ್ಸು ಏನು ಚಪ್ಪಲೀನಾ, ಇಟ್ಟ ಕಡೆ ಇರೋಕೆ? ಹೊಸದು ಬರೆಯೋಕೆ ಕೂತ್ರೆ ಆರು ಗಂಟೆ ಹೊತ್ತು ಏಳಲ್ಲ, ನೀರೂ ಕುಡಿಯಲ್ಲ. ಅದೇ ಚುಕ್ಕಿ ಹಿಂದಿನಿಂದ ಇಡು ಅಂದ್ರೆ ಸತ್ತುಹೋಗ್ತೀನಿ. ಇವತ್ತು ಮೂರು ತಿಂಗಳ ಬಟ್ಟೆ ಹಾಳು ಮಾಡಿದ್ದೀನಿ. ಮಾತ್ರೆ ಬೇಡ ಅಂದ್ರೆ ಹಿಂಬದಿ ಹೋಯ್ತು. ನುಂಗಿ ಮುಂಬದೀನೂ ಹೋದ್ರೆ? ಆಮೇಲೆ ನನ್ನ ಹತ್ರ ಉಳಿಯೋದೇನು, ಹೇಳಿ?"

ತ್ರಿಯೊನೊ ಬಾಯಿ ತೆರೆದುಕೊಂಡು ಕೂತಿದ್ದ. ಹೆಂಡತಿ ಹಿರಿಯರೆದುರು ಇಷ್ಟು ಉದ್ದ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ.

"ಹ್ಞಾ, ಇದು ಉತ್ತರ," ಎಂದರು ಡಾಕ್ಟರ್. "ಕೈ ಏನಾಗುತ್ತೆ ಅಂತ ನಾನು ಮೊದಲೇ ಹೇಳಲಾರೆ. ಕೆಲವರಿಗೆ ಒಗ್ಗುತ್ತೆ, ಕೆಲವರಿಗೆ ಒಗ್ಗಲ್ಲ. ಹಸಿವು ಕಮ್ಮಿ ಆಗಬಹುದು, ನಿದ್ದೆ ಕೆಡಬಹುದು. ಅದಕ್ಕೇ ಚಿಕ್ಕ ಪ್ರಮಾಣದಿಂದ ಶುರು ಮಾಡೋದು. ಒಂದು ಕೆಲಸ ಮಾಡಿ. ಮಾತ್ರೆಗೆ ಮುಂಚೆ ಒಂದು ಕರವಸ್ತ್ರ ಬರೀರಿ, ಶುರು ಮಾಡಿದ ಮೇಲೆ ಒಂದು. ಎರಡು ವಾರ ಬಿಟ್ಟು ಎರಡನ್ನೂ ತನ್ನಿ. ಮುಂಬದಿ ಸತ್ತಿದೆ ಅಂತ ನಿಮಗನ್ನಿಸಿದ್ರೆ ಬದಲಾಯಿಸೋಣ, ಇಲ್ಲಾ ನಿಲ್ಲಿಸೋಣ. ಮಧ್ಯೆ ಎದೆ ಹಾರಿದ್ರೆ ಫೋನ್ ಮಾಡಿ, ಕಾಯಬೇಡಿ."

ವಿನಾರ್ಸಿ ಬೆರಳ ತುದಿಯಲ್ಲಿ ಅಂಟಿದ್ದ ಮೇಣವನ್ನು ಉಗುರಿನಿಂದ ಕೆರೆದಳು. ಕೆರೆದು ಕೆರೆದು ಕೊನೆಗೆ, "ಬೇಕು," ಎಂದಳು. "ಇಂಗ್ಗೇ ಅಲ್ಲ ಡಾಕ್ಟ್ರೇ. ಬೇಕು."

ಮೊದಲ ಕರವಸ್ತ್ರ ಅದೇ ಸಂಜೆ ಆಯಿತು. ಮುಂಬದಿಯಲ್ಲಿ ಒಂದು ಬಳ್ಳಿ ಹಾವಿನಂತೆ ಹರಿದು ಹೂವಾಯಿತು. ಹಿಂಬದಿ ಅರ್ಧಕ್ಕೆ ನಿಂತಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಅನ್ನ, ಸೋಯಾದ ತೆಂಪೆ ತಿಂದು ವಿನಾರ್ಸಿ ಮಾತ್ರೆ ನುಂಗಿದಳು. ಹೊರಗೆ ಬಂದರೆ ಅತ್ತೆ ಒಲೆ ಹಚ್ಚಿ, ಇನ್ನೊಂದು ತುಂಡು ಬಟ್ಟೆ ಕತ್ತರಿಸಿಟ್ಟು, ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದರು.

"ನುಂಗಿದ್ಯಾ?"

"ನುಂಗಿದೆ, ಬು."

"ಸರಿ. ಆ ಡಾಕ್ಟ್ರು ನೋಡೋ ಮುಂಚೆ ನಿನ್ನ ಕೈ ನಾನು ನೋಡ್ತೀನಿ. ಬಟ್ಟೆ ವಿಷಯ ಅವರಿಗೇನು ಗೊತ್ತು?"

ಸಾಕಪ್ಪಾ ಈ ಮುದುಕಿಯ ಕಾವಲು ಎಂದುಕೊಂಡೇ ವಿನಾರ್ಸಿ ತಾಮ್ರದ ಮೂತಿಯ ಕೊಳವೆಯನ್ನು ಮೇಣದಲ್ಲಿ ಅದ್ದಿ, ತುದಿಗೆ ಉಫ್ ಎಂದು ಊದಿ, ಗೆರೆ ಎಳೆದಳು. ಎದೆ ಹೊಡೆದುಕೊಳ್ಳುತ್ತಿತ್ತು. ಮಾತ್ರೆಗೋ ಭಯಕ್ಕೋ ತಿಳಿಯಲಿಲ್ಲ. ಗೆರೆ ಬಾಗಿತು, ಕವಲೊಡೆಯಿತು, ಕವಲಿನ ತುದಿಯಲ್ಲಿ ತಾನಾಗಿ ಒಂದು ಹಕ್ಕಿ ಬಂದು ಕೂತಿತು. ಅದರ ಬಾಲ ಅಂಕುಡೊಂಕಾಗಿತ್ತು. ವಿನಾರ್ಸಿ ಅತ್ತೆಯ ಮುಖ ನೋಡಿದಳು. ಅವರು ಹಕ್ಕಿಯನ್ನೇ ನೋಡುತ್ತಿದ್ದರು, ಬಯ್ಯಲಿಲ್ಲ.

ಅವಳು ಬಟ್ಟೆ ತಿರುವಿದಳು. ಒಂದು ಸಲ ನೀರು ಕುಡಿಯಲು ಎದ್ದು ಹೋದಳು. ವಾಪಸು ಬಂದು ಕೂತಳು. ಚುಕ್ಕಿ, ಪಕ್ಕದಲ್ಲಿ ಇನ್ನೊಂದು ಚುಕ್ಕಿ. ಅತ್ತೆ ಬಗ್ಗಿ ಬಗ್ಗಿ, ಅವರ ಉಸಿರು ಅವಳ ಮಣಿಕಟ್ಟಿಗೆ ತಾಕುವಷ್ಟು ಹತ್ತಿರ ಬಂದಿದ್ದರು.

ಮೇಣ ಹೊಗೆಯಾಡಿ ಕಮಟು ವಾಸನೆ ಮೂಗಿಗೆ ಬಡಿದಾಗಲೇ ಇಬ್ಬರಿಗೂ ಎಚ್ಚರವಾದದ್ದು. ಒಲೆ ಆರಿಸಲು ಎರಡು ಕೈಗಳು ಒಟ್ಟಿಗೇ ಚಾಚಿಕೊಂಡವು.