ನಾಲೆಯ ಊರಿನವಳು

ನಂಜುಂಡಪ್ಪ ಒಂದು ಕಾಲು ತೊಳೆದು ಇನ್ನೊಂದನ್ನು ಮುಂದಿಡುವಷ್ಟರಲ್ಲಿ ಬೀಗಿತ್ತಿ ಹೊಂಬಾಳಮ್ಮ ಬಂದು ನಲ್ಲಿ ನಿಲ್ಲಿಸಿಬಿಟ್ಟಳು.

"ಸಾಕು ಬೀಗರೇ. ಇಷ್ಟು ನೀರಿದ್ದಿದ್ರೆ ನಮ್ಮೆಮ್ಮೆ ಹೊಟ್ಟೆ ತುಂಬ ಕುಡೀತಿತ್ತು."

"ತಪ್ಪಾಯ್ತು ಕಣಮ್ಮ" ಎಂದು ಆತ ಟವಲಿನಿಂದ ಕಾಲು ಒರೆಸಿಕೊಂಡ. ಮದುವೆ ಮಾಡಿಕೊಟ್ಟ ನಾಲ್ಕು ತಿಂಗಳ ಮೇಲೆ, ಎರಡು ಬಸ್ಸು ಬದಲಿಸಿ, ಮಗಳನ್ನು ನೋಡಲು ದಬ್ಬೇಘಟ್ಟದಿಂದ ಬಂದಿದ್ದ. ಆ ಮಗಳು ಚೈತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಅವಳ ತವರಿನಲ್ಲಿ ಹಿತ್ತಲ ಪಕ್ಕದಲ್ಲೇ ನಾಲೆ. ಬಂದವರ ಕಾಲಿಗೆ ಅಮ್ಮ ಬಿಂದಿಗೆಗಟ್ಟಲೆ ಸುರಿಯುತ್ತಿದ್ದಳು. ಸಾಕು ಎಂದವರಿಗೂ "ಇನ್ನೊಂಚೂರು ಹಾಕ್ಕಳಿ" ಎನ್ನುವುದೇ ಅಲ್ಲಿ ಮರ್ಯಾದೆ. ಹೊನ್ನವಳ್ಳಿಯ ಈ ಮನೆಯಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಗೆ, ಬಟ್ಟೆ ಹಿಂಡಿದ್ದು ತೆಂಗಿಗೆ. ಅವಳು ತಲೆಗೆ ನೀರು ಹಾಕಿಕೊಳ್ಳುವಾಗಲೆಲ್ಲ ಅತ್ತೆ ಬಚ್ಚಲ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದಳು. ಅದನ್ನೆಲ್ಲ ಚೈತ್ರ ನುಂಗಿಕೊಂಡಿದ್ದಳು. ಇದನ್ನು ನುಂಗಲಾಗಲಿಲ್ಲ.

ಎಲೆ ಹಾಕಿದ್ದರೂ ನಂಜುಂಡಪ್ಪ ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟ. ತಡೆಯಲು ಅಳಿಯ ಶಿವಮೂರ್ತಿಯೂ ಮನೆಯಲ್ಲಿರಲಿಲ್ಲ. ಕೊಬ್ಬರಿ ಮಾರಲು ತಿಪಟೂರಿಗೆ ಹೋಗಿದ್ದ. ಚೈತ್ರ ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ಓಡಿದಳು.

"ಉಣ್ದೆ ಹೋದ್ರೆ ಹೆಂಗಪ್ಪಾ?"

"ಬುಡು ಮಗ. ನೀರಿಲ್ಲದೂರು."

"ನೀರಿಲ್ಲ ಅಂತ ಮರ್ಯಾದೇನೂ ಇರಲ್ವಾ?"

ನಂಜುಂಡಪ್ಪ ಬಸ್ಸು ಹತ್ತಿದ.

ಅವಳು ಮನೆಗೆ ಬಂದಾಗ ಅತ್ತೆ ಖಾಲಿ ಎಲೆಯ ಮುಂದೆ ಕೂತಿದ್ದಳು.

"ನಮ್ಮಪ್ಪ ಹಸ್ಕೊಂಡು ಹೋದ್ರು. ಸಮಾಧಾನ ಆಯ್ತಾ ಅತ್ತೆ?"

"ಉಣ್ಬೇಡಿ ಅಂದ್ನಾ? ಅವರಿಗೇ ಅಂತ ಹೋಳಿಗೆ ಮಾಡಿದ್ದೆ. ತುಪ್ಪ ಬೇಕಾದಷ್ಟು ಸುರೀತಿದ್ದೆ. ನೀರು ಸುರಿಯಕ್ಕಾಗಲ್ಲ."

"ನಮ್ಮೂರಲ್ಲಿ ಭಿಕ್ಷಕ್ಕೆ ಬಂದೋರಿಗೂ ಹಿಂಗೆ ನಲ್ಲಿ ನಿಲ್ಸಲ್ಲ!"

"ನಿಮ್ಮೂರ ದೊಡ್ಡಸ್ತಿಕೆ ನಾಲೇದು ಕಣೇ, ನಿಮ್ದಲ್ಲ!" ಹೊಂಬಾಳಮ್ಮ ಎದ್ದು ನಿಂತಳು. "ತುಂಬು ಬಸುರೀಲಿ ಕಟ್ಟೆಯಿಂದ ನೀರು ಹೊತ್ತೋಳು ನಾನು. ಎಡವಿ ಬಿದ್ದು ಬಿಂದಿಗೆ ಚೆಲ್ಲಿದ್ದಕ್ಕೆ ನಮ್ಮತ್ತೆ ಆವತ್ತು ಕೂಳಿಕ್ಕಲಿಲ್ಲ. ಅವಳದು ತಪ್ಪು ಅಂತ ಇವತ್ತಿಗೂ ಅನ್ಸಿಲ್ಲ ನಂಗೆ."

"ಹಂಗಾದ್ರೆ ನಂಗೂ ಇಕ್ಬೇಡಿ!"

ಚೈತ್ರ ಒಳಗೆ ಹೋಗಿ, ತುಂಬಿದ ಬಿಂದಿಗೆಯನ್ನು ತಂದು ನಡುಮನೆಯಲ್ಲಿ ಬೋರಲು ಹಾಕಿದಳು. ಕೆಂಪು ಗಾರೆಯ ಮೇಲೆ ನೀರು ಹರಡಿ ಹೊಸ್ತಿಲ ಕಡೆಗೆ ಓಡಿತು.

ಹೊಂಬಾಳಮ್ಮನ ಕೈ ಮೇಲೆದ್ದಿತು. ಚೈತ್ರ ಕದಲಲಿಲ್ಲ; ಹೊಡೆಯಲಿ ಎಂದೇ ಮುಖವೊಡ್ಡಿ ನಿಂತಳು. ಕೈ ಹಾಗೆಯೇ ಕೆಳಗಿಳಿಯಿತು. ಮುದುಕಿ ಹಳೆಯ ಸೀರೆಯ ತುಂಡೊಂದನ್ನೂ ಬಕೆಟ್ಟನ್ನೂ ತಂದು, ಗೋಡೆ ಹಿಡಿದು ಮಂಡಿಯೂರಿದಳು. ನೀರನ್ನು ಬಟ್ಟೆಗೆ ಹೀರಿಸಿ ಬಕೆಟ್ಟಿಗೆ ಹಿಂಡಿದಳು. ಮತ್ತೆ ಒದ್ದೆ ಮಾಡಿ ಹಿಂಡಿದಳು.

ಚೈತ್ರಳ ಉಸಿರು ಇನ್ನೂ ಏರಿಳಿಯುತ್ತಿತ್ತು. ಹೊಂಬಾಳಮ್ಮ ಗೋಡೆಯ ಬುಡದವರೆಗೂ ತೆವಳಿಕೊಂಡು ಹೋಗಿ, ಮೂಲೆಯಲ್ಲಿ ನಿಂತಿದ್ದ ನೀರನ್ನು ಬೆರಳ ತುದಿಯಿಂದ ಬಟ್ಟೆಯ ಕಡೆಗೆ ತಳ್ಳುತ್ತಿದ್ದಳು.