ಮೀನಿಗೆ ಹತ್ತದ ಕರೆಂಟು

ನಮ್ಮ ಶಲವಡಿಯಲ್ಲಿ ಕರೆಂಟು ಹೋದರೆ ಯಾರೂ ಸ್ವಿಚ್ಚು ಬಂದ್ ಮಾಡುವುದಿಲ್ಲ. ಬಂದ್ ಮಾಡಿದರೆ ಅದು ತಿರುಗಿ ಬಂದದ್ದು ಗೊತ್ತಾಗುವುದು ಹೇಗೆ? ಬಲ್ಬು ಹತ್ತಬೇಕು, ರೇಡಿಯೋ ಮಾತಾಡಬೇಕು, ಓಣಿಯ ಹುಡುಗರು ‘ಬಂತೋ!’ ಎಂದು ಕೂಗಬೇಕು. ಎಲ್ಲರ ಮನೆಯಲ್ಲೂ ಇದೇ ರೂಢಿ. ನಮ್ಮ ಮನೆಯಲ್ಲೂ ಇದೇ ಇತ್ತು.

ನಮ್ಮ ಅಣ್ಣ ಶಂಕ್ರಪ್ಪ ಹುಬ್ಬಳ್ಳಿಗೆ ಹತ್ತಿ ಮಾರಲು ಹೋದವನು ಬರುವಾಗ ಒಂದು ಮೀನಿನ ಪೆಟ್ಟಿಗೆ ತಂದ. ನಾಲ್ಕೂ ಕಡೆ ಗಾಜು, ಅಂಚಿಗೆ ಕಬ್ಬಿಣದ ಚೌಕಟ್ಟು, ಮೇಲೆ ಮುಚ್ಚಳ, ಮುಚ್ಚಳದೊಳಗೆ ಒಂದು ದೀಪ. ನೀರಿಗೆ ಗಾಳಿ ಊದಲು ಬುರ್ ಎನ್ನುವ ಸಣ್ಣ ಮಷಿನ್ನು. ಕೆಂಪು ಮೀನುಗಳು ಅದರಲ್ಲಿ ಬಾಲ ಬೀಸುತ್ತ ತಿರುಗುತ್ತಿದ್ದರೆ ನೋಡಲು ಓಣಿಯೇ ಬಂದು ನಿಲ್ಲುತ್ತಿತ್ತು.

“ಲಿಂಗವಂತರ ಮನ್ಯಾಗ ಮೀನ! ಏನ್ ಕಾಲ ಬಂತಪಾ ಶಂಕ್ರಪ್ಪಾ?” ಎಂದಳು ಜುಲೇಖಾಬಿ. ಓಣಿಯ ತುದಿಗೆ ಹಿಟ್ಟಿನ ಗಿರಣಿ ನಡೆಸುವವಳು. ಮೈಮೇಲೆ ಯಾವಾಗಲೂ ಹಿಟ್ಟಿನ ಧೂಳು, ಬಾಯಲ್ಲಿ ಯಾವಾಗಲೂ ಚೇಷ್ಟೆಯ ಮಾತು.

“ತಿನ್ನಾಕ ಅಲ್ಲ ಅಕ್ಕಾರ, ನೋಡಾಕ.”

“ನಮ್ಮ ಮನ್ಯಾಗ ಆಗಿದ್ರ ಇಷ್ಟೊತ್ತಿಗೆ ನೋಡೂದೆಲ್ಲಾ ಮುಗದು ಕೈ ತೊಳಕೊಂಡಿರತಿದ್ವಿ!”

ಎಲ್ಲರೂ ನಕ್ಕರು. ಆಮೇಲೆ ಅವಳ ಕಣ್ಣು ಗೋಡೆಯ ಕಡೆ ಹೋಯಿತು. ನಗು ನಿಂತಿತು.

ಪಡಸಾಲೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗಿನ ಜಾಗ. ಅದು ರೇಡಿಯೋದ್ದು. ಅಣ್ಣ ಮೀನಿನ ಪೆಟ್ಟಿಗೆಯ ವೈರಿನ ತುದಿ ಸುಲಿದು, ರೇಡಿಯೋ ಪ್ಲಗ್ಗಿನ ಜೊತೆಗೇ ಅದೇ ತೂತುಗಳಲ್ಲಿ ತುರುಕಿ, ಸಡಿಲಾಗದಂತೆ ಕಡ್ಡಿಪೆಟ್ಟಿಗೆಯ ಕಡ್ಡಿ ಬಡಿದಿದ್ದ. ಅಲ್ಲಿಂದ ವೈರು ಗೋಡೆಗುಂಟ ಜೋತು, ಪೆಟ್ಟಿಗೆಯ ಚೌಕಟ್ಟಿಗೆ ಸುತ್ತಿಕೊಂಡು ದೀಪಕ್ಕೆ ಹೋಗಿತ್ತು.

“ಇದಕ್ಕ ಬ್ಯಾರೆ ಲೈನ್ ಎಳಸಪಾ. ನೀರಿನ ಸಾಮಾನು ಇದು” ಎಂದಳು ಜುಲೇಖಾಬಿ.

“ಬೆರಳಿನಷ್ಟು ಮೀನಕ್ಕ ಬ್ಯಾರೆ ಲೈನ? ನಾಳೆ ಬ್ಯಾರೆ ಮೀಟರೂ ಕೇಳ್ತಾವು ಬಿಡ್ರಿ!” ಅಣ್ಣ ನಕ್ಕುಬಿಟ್ಟ.

ಪೆಟ್ಟಿಗೆ ತಂದವನು ಅಣ್ಣ, ತೊಳೆಯುವವಳು ವೈನಿ. ಅಣ್ಣನ ಹೆಂಡತಿ ಅನ್ನವ್ವ ನನಗೆ ವೈನಿ. ಮೀನಿಗೆ ಕಾಳು ಹಾಕುವಾಗ ಆಗಾಗ ಅವಳು ಕೈ ಝಾಡಿಸಿಕೊಳ್ಳುವುದನ್ನು ನಾನು ನೋಡಿದ್ದೆ. “ಝುಮ್ ಅಂತೈತಿ” ಎನ್ನುತ್ತಿದ್ದಳು. ಅಣ್ಣನಿಗೆ ಹೇಳಿದರೆ, “ತಣ್ಣೀರಿಗೆ ಹಂಗಾಗತೈತಿ” ಎನ್ನುತ್ತಿದ್ದ. ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತ ದಿನ ಝುಮ್ ಜಾಸ್ತಿ, ಚಪ್ಪಲಿ ಮೆಟ್ಟಿದ ದಿನ ಇಲ್ಲ. ಆದರೆ ಪಡಸಾಲೆಯೊಳಗೆ ಚಪ್ಪಲಿ ಮೆಟ್ಟಿ ಓಡಾಡುವ ಸೊಸೆ ನಮ್ಮ ಕಡೆ ಎಲ್ಲಿದ್ದಾಳೆ?

ಅವತ್ತು ಸೋಮವಾರ. ಪಡಸಾಲೆಗೆ ಆಗಷ್ಟೇ ಸೆಗಣಿ ಸಾರಿಸಿದ್ದೆವು. ಕರೆಂಟು ಹೋಯಿತು. ರೇಡಿಯೋ ನಿಂತಿತು. ಬುರ್ ಎನ್ನುವ ಸಪ್ಪಳವೂ ನಿಂತಿತು.

“ಚೊಲೋ ಆತು. ಕರೆಂಟ್ ಇಲ್ಲದಾಗ ತೊಳದುಬಿಡತೀನಿ, ಝುಮ್ ಅನ್ನೂದಿಲ್ಲ” ಎಂದಳು ವೈನಿ.

ಸೆರಗು ಕಟ್ಟಿ, ಎಡಗೈಯಲ್ಲಿ ಚೌಕಟ್ಟು ಹಿಡಿದು, ಬಲಗೈ ಮೊಳಕೈವರೆಗೆ ನೀರಿಗೆ ಇಳಿಸಿದಳು. ತಳದ ಹೊಲಸು ತೆಗೆಯುತ್ತ ಏನೋ ಹೇಳುತ್ತಿದ್ದಳು. ಜುಲೇಖಾಬಿ ಜೋಳ ಬೀಸಿದ ಹಿಟ್ಟಿನ ಬುಟ್ಟಿ ಕೊಡಲು ಬಂದು ಹೊಸ್ತಿಲ ಹತ್ತಿರ ನಿಂತಿದ್ದಳು.

ಹೊರಗೆ ಹುಡುಗರು ‘ಬಂತೋ!’ ಎಂದು ಕೂಗಿದರು. ರೇಡಿಯೋ ಜೋರಾಗಿ ಹಾಡತೊಡಗಿತು. ವೈನಿಯ ಮಾತು ಅರ್ಧಕ್ಕೇ ನಿಂತಿತು.

ಅವಳು ಚೀರಲಿಲ್ಲ. ಚೀರಿದ್ದರೆ ನಮಗೆ ಕೂಡಲೇ ಗೊತ್ತಾಗುತ್ತಿತ್ತು. ಬಾಯಿ ತೆರೆದೇ ಇತ್ತು, ಕಣ್ಣು ನಮ್ಮ ಕಡೆಯೇ ಇತ್ತು, ಮೈ ಸೆಟೆದು ನಡುಗುತ್ತಿತ್ತು. ಚೌಕಟ್ಟು ಹಿಡಿದ ಎಡಗೈ ಬಿಡಲೊಲ್ಲದು. ಹಿಂದೆ ರೇಡಿಯೋದಲ್ಲಿ ಯಾರೋ ಮದುವೆಯ ಹಾಡು ಹಾಡುತ್ತಿದ್ದರು.

ಒಳಗಿನಿಂದ ಬಂದ ಅಣ್ಣ, “ಏ ಅನ್ನವ್ವಾ!” ಎಂದು ಅವಳನ್ನು ಹಿಡಿಯಲು ಓಡಿದ.

“ಮುಟ್ಟಬ್ಯಾಡ! ನೀನೂ ಹತಕೋತಿ!” ಬುಟ್ಟಿ ಒಗೆದು ಜುಲೇಖಾಬಿ ಕೂಗಿದಳು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಕೆ ಎಳೆದು ಕೆಳಗೆ ಮಾಡಿದಳು.

ಹಾಡು ನಿಂತಿತು. ವೈನಿ ಅಲ್ಲೇ ಕುಸಿದಳು. ಚೆಲ್ಲಿದ ಹಿಟ್ಟಿನ ಮೇಲೆ ಅವಳ ತಲೆ ಬಿತ್ತು. ಉಸಿರಿದೆಯೋ ಇಲ್ಲವೋ ತಿಳಿಯದೆ ನಾನು ಮೂಗಿನ ಹತ್ತಿರ ಕೈ ಹಿಡಿದೆ. ಏನೂ ಗೊತ್ತಾಗಲಿಲ್ಲ. ಆಮೇಲೆ ಅವಳು ಕೆಮ್ಮಿದಳು. ಕೆಮ್ಮು ಕೇಳಿ ನನಗೆ ಅಷ್ಟು ಅಳು ಬರುತ್ತದೆಂದು ಗೊತ್ತಿರಲಿಲ್ಲ.

ಚಕ್ಕಡಿ ಹೂಡಿ ಅಣ್ಣಿಗೇರಿ ದವಾಖಾನೆಗೆ ಒಯ್ದೆವು. ಅಂಗೈ ಸುಟ್ಟಿತ್ತು. “ಇನ್ನೊಂದೀಟು ತಡಾ ಆಗಿದ್ರ ಇಲ್ಲಿಗೆ ತರೂದೇ ಬೇಕಾಗಿರಲಿಲ್ಲ” ಎಂದರು ಡಾಕ್ಟರು.

ವೈನಿಯನ್ನು ಮನೆಗೆ ಕರೆತಂದ ಮರುದಿನ ಮುಂಜಾನೆ ನಾನು ಇನ್ನಷ್ಟು ಗಾಬರಿಯಾಗುವ ಮಾತು ಕೇಳಿದೆ. ಅಣ್ಣ ಪೆಟ್ಟಿಗೆಯ ಮುಂದೆ ಕೂತಿದ್ದ. ಮೀನುಗಳು ಏನೂ ಆಗಿಲ್ಲವೆಂಬಂತೆ ಬಾಲ ಬೀಸುತ್ತಿದ್ದವು.

“ನೋಡ್ರಿ ಅಕ್ಕಾರ” ಎಂದ, ವೈನಿಯನ್ನು ನೋಡಲು ಬಂದ ಜುಲೇಖಾಬಿಗೆ. “ನೀರಾಗ ಕರೆಂಟ್ ಬಂದಿದ್ರ ಮೊದಲ ಮೀನ ಸಾಯಬೇಕಿತ್ತಿಲ್ಲೋ? ಇವು ಅಗದಿ ಆರಾಮ ಅದಾವು. ಈಕಿ ಚಕ್ಕರ ಬಂದು ಬಿದ್ದಾಳ, ಬಿಸಿ ದೀಪಕ್ಕ ಹತ್ತಿ ಕೈ ಸುಟ್ಟೈತಿ. ಗಾಳಿ ಇಲ್ಲದ ಮೀನ ಸಾಯತಾವು, ಸ್ವಿಚ್ ಹಾಕತೀನಿ.”

ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ವೈನಿ ಗೋಡೆಯ ಕಡೆ ತಿರುಗಿದಳು. ವಾರ ಕಳೆದರೆ ಆ ಪೆಟ್ಟಿಗೆ ತೊಳೆಯಬೇಕಾದವಳು ಮತ್ತೆ ಅವಳೇ.

ಜುಲೇಖಾಬಿ ಅಣ್ಣನ ಎದುರಿಗೆ ಕೂತಳು. “ತಂತಿ ಮ್ಯಾಲ ಗುಬ್ಬಿ ಕುಂತಿರತೈತಿ. ಯಾಕ ಸಾಯೂದಿಲ್ಲ?”

“ಅದಕ್ಕ ನೆಲಾ ಹತ್ತಿರೂದಿಲ್ಲ.”

“ಮೀನಕ್ಕ ಹತ್ತೈತೇನು?”

ಅಣ್ಣ ತಿರುಗಿ ಮೀನುಗಳನ್ನು ನೋಡಿದ.

“ಕರೆಂಟಿಗೆ ನೆಲಕ್ಕ ಹೋಗೂ ದಾರಿ ಬೇಕಪಾ. ಮೀನ ನೀರಾಗ ತೇಲತೈತಿ, ನೆಲದ ಗೊಡವಿ ಅದಕ್ಕಿಲ್ಲ. ನಿನ್ನ ಹೇಣತಿ ಹಸಿ ನೆಲದ ಮ್ಯಾಲ ಬರಿಗಾಲಾಗ ನಿಂತಿದ್ಲು. ಆ ದಾರಿ ಆಕೀನ ಆದ್ಲು.”

ಅವಳು ಗಿರಣಿಯಿಂದ ಟೆಸ್ಟರ್ ತಂದಿದ್ದಳು. ಎಲ್ಲರನ್ನೂ ದೂರ ಸರಿಸಿ, ಚಪ್ಪಲಿ ಮೆಟ್ಟಿ, ಅಣ್ಣನಿಗೆ ಸ್ವಿಚ್ಚು ಹಾಕಲು ಹೇಳಿದಳು. ಟೆಸ್ಟರಿನ ತುದಿಯನ್ನು ಪೆಟ್ಟಿಗೆಯ ಕಬ್ಬಿಣಕ್ಕೆ ಹಚ್ಚಿದಳು. ಒಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು.

ಅಣ್ಣ ಓಡಿಹೋಗಿ ಮೇನ್ ಬಂದ್ ಮಾಡಿದ. ನೋಡಿದರೆ, ದೀಪದ ವೈರು ಚೌಕಟ್ಟಿಗೆ ತಿಕ್ಕಿ ತಿಕ್ಕಿ ಮೇಲಿನ ರಬ್ಬರು ಹರಿದು, ತಾಮ್ರ ಕಬ್ಬಿಣಕ್ಕೆ ಹತ್ತಿತ್ತು.

“ದಿನಾ ಹಿಂಗ ಇತ್ತೇನು?” ಎಂದ ಮೆಲ್ಲಗೆ.

“ಝುಮ್ ಅಂತೈತಿ ಅಂತ ಎಷ್ಟ ಸಲ ಹೇಳಲಿ ನಿಮಗ?” ಗೋಡೆಯ ಕಡೆ ಮುಖ ಮಾಡಿಕೊಂಡೇ ವೈನಿ ಹೇಳಿದಳು.

ಅಣ್ಣ ಮೇನಿನ ಕಡೆ ತಿರುಗಿ ಕೇಳಿದ, “ಫ್ಯೂಜ್ ಯಾಕ ಹೋಗಲಿಲ್ಲರಿ?”

“ಕರೆಂಟ್ ಮನಶ್ಯಾರ ಮೈಯಾಗ ಹರದ್ರ ಫ್ಯೂಜಿಗೆ ಸುದ್ದೀನ ಮುಟ್ಟೂದಿಲ್ಲ. ಅದೂ ನೀ ದಪ್ಪ ತಂತಿ ಕಟ್ಟಿದ ಫ್ಯೂಜು! ಕಬ್ಬಿಣಕ್ಕ ನೆಲಕ್ಕಿಳಿಯೂ ಅರ್ಥಿಂಗ್ ತಂತಿ ಇದ್ದು, ಫ್ಯೂಜ್ ತಂತಿ ಸರಿ ಇದ್ದಿದ್ರ, ವೈರ್ ಹತ್ತಿದ ಕೂಡ್ಲೇನ ಸುಟ್ಟು ಲೈನ್ ಬಂದ್ ಆಗತಿತ್ತು. ನಮ್ಮ ಗಿರಣಿಗೆ ಬ್ಯಾರೆ ಲೈನ್ ಯಾಕ ಐತಿ ಅಂದ್ಕೊಂಡಿ? ಡೌಲ್ ಮಾಡಾಕೇನು?”

“ಆದ್ರೂ ಅಕ್ಕಾರ, ನಾಕು ಮೀನಕ್ಕ ಒಂದು ಲೈನ್ ಅಂದ್ರ ಮಂದಿ ನಗತಾರ…”

“ಮೀನಕ್ಕ ಯಾರ್ ಹೇಳಿದ್ರೋ? ಅನ್ನವ್ವಗ ಹಾಕಸಂತೀನಿ!”

ಅಣ್ಣ ಎದ್ದು ಅಂಗಿ ತೊಟ್ಟ. ಅಣ್ಣಿಗೇರಿಯಿಂದ ಲೈಸೆನ್ಸ್ ಇದ್ದ ವೈರ್‌ಮನ್ ಹೊಳೆಪ್ಪನನ್ನು ಕರೆದುಕೊಂಡೇ ಬಂದ. ಹೊಳೆಪ್ಪ ಮೊದಲು ಮಾಡಿದ ಕೆಲಸ, ಕಡ್ಡಿಗಳನ್ನು ಕಿತ್ತು ಅಣ್ಣನ ಕೈಗಿಟ್ಟದ್ದು. “ಒಲಿ ಹೊತ್ತಸಾಕ ಇಟಗೋರಿ” ಎಂದ. ವೈನಿ ಮೊದಲ ಸಲ ನಕ್ಕಳು.

ಮೇನಿನ ಬಾಜೂ ಮೀನಿನ ಪೆಟ್ಟಿಗೆಗೆಂದೇ ಬೇರೆ ಫ್ಯೂಜು ಕೂಡಿಸಿದ. ಅಲ್ಲಿಂದ ಬೇರೆ ವೈರು ಎಳೆದು ಮೂರು ಪಿನ್ನಿನ ಪ್ಲಗ್ಗು, ಅದಕ್ಕೆ ಬೇರೆ ಸ್ವಿಚ್ಚು, ನೀರು ಸಿಡಿಯದಷ್ಟು ದೂರದಲ್ಲಿ. ಹಿತ್ತಲಲ್ಲಿ ತಗ್ಗು ತೋಡಿ, ಇದ್ದಲಿ ಉಪ್ಪು ತುಂಬಿ ಅರ್ಥಿಂಗ್ ಹೂಳಿದ. ಚೌಕಟ್ಟಿಗೂ ಅದರ ತಂತಿ ಬಿಗಿದ. ಹರಿದ ವೈರು ಬದಲಿಸಿದ. ಗಾಳಿ ಮಷಿನ್ನನ್ನು ನೆಲದಿಂದೆತ್ತಿ ನೀರಿಗಿಂತ ಮೇಲೆ ಹಲಗೆ ಹೊಡೆದು ಇಟ್ಟ. ಕೆಳಗಿದ್ದರೆ ಕರೆಂಟು ಹೋದಾಗ ನೀರು ನಳಿಗೆಗುಂಟ ಮಷಿನ್ನಿಗೇ ಇಳಿಯುತ್ತದಂತೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತಾಡಿ ಮೇಲೇರುವಂತೆ ಬಿಟ್ಟ. ಹಾಗೆ ಬಿಟ್ಟರೆ ಹನಿ ಪ್ಲಗ್ಗಿಗೆ ಹೋಗದೆ ಕೆಳಗೆ ಬೀಳುತ್ತದೆ.

“ಇಷ್ಟೆಲ್ಲಾ ಮಾಡಿದ್ರೂ ಕೈ ಹಾಕೂ ಮೊದಲ ಸ್ವಿಚ್ ಬಂದ್ ಮಾಡಿ ಪ್ಲಗ್ ಕಿತ್ತಬೇಕು. ಕರೆಂಟ್ ಇರಲಿ, ಇಲ್ಲದಿರಲಿ” ಎಂದು ಹೇಳಿಹೋದ.

ಮುಂದಿನ ಸಲ ಪೆಟ್ಟಿಗೆ ತೊಳೆದವನು ಅಣ್ಣ. ಪ್ಲಗ್ಗು ಕಿತ್ತು ವೈನಿಯ ಮಡಿಲಲ್ಲಿ ಇಟ್ಟು, “ಇದನ್ನ ಹಿಡಕೊಂಡು ಕೂಡು. ನಾ ಕೈ ಹೊರಗ ತಗಿಯೂತನಕ ಯಾರಿಗೂ ಕೊಡಬ್ಯಾಡ” ಎಂದ. ವೈನಿ ಅದನ್ನು ಪಟ್ಟಿ ಕಟ್ಟದ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಮೀನಿನ ಪೆಟ್ಟಿಗೆ ಇರಲಿಕ್ಕಿಲ್ಲ. ನೀರು ಕಾಸುವ ಕಾಯಿಲ್ ಇರಬಹುದು, ಬಾವಿಯ ಮೋಟಾರು ಇರಬಹುದು. ಝುಮ್ ಅನ್ನಿಸಿದರೆ ಅದು ತಣ್ಣೀರಲ್ಲ, ಕರೆಂಟು. ಅಂದೇ ಬಂದ್ ಮಾಡಿ, ಬಲ್ಲವರನ್ನು ಕರೆಸಿ. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಬಂದ್ ಮಾಡಿ. ನೀರಿನ ಹತ್ತಿರದ ಸಾಮಾನಿಗೆ ಬೇರೆ ಲೈನು, ಸರಿಯಾದ ಫ್ಯೂಜು, ಅರ್ಥಿಂಗ್ ಹಾಕಿಸಿ. ಅದಕ್ಕೂ ಮೊದಲು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿ ದಿನಾ ನೀರಿಗೆ ಕೈ ಹಾಕುವವರು ಯಾರೋ, ಅವರನ್ನು ಹತ್ತಿರ ಕರೆದು ಕೇಳಿ: “ನಿನಗ ಎಲ್ಲೆರೆ ಝುಮ್ ಅಂತೈತೇನು?” ಅವರು ಹೇಳುವುದನ್ನು ನಂಬಿರಿ.